ಶನಿವಾರದ ಕೋಳಿ ಕಾಲುಗಳು

ದೆಹಲಿಯ ಮುನಿರ್ಕಾದ ಕೋಳಿ ಅಂಗಡಿಯ ಅನ್ವರ್ ಭಾಯಿಗೆ ನಾನು ಡಾಕ್ಟರು ಎಂದು ಗೊತ್ತಾಗಲು ತಿಂಗಳುಗಳೇ ಹಿಡಿದವು. ಕಾಟನ್ ಸೀರೆ, ಹಣೆಗೆ ಕುಂಕುಮ, ಮೂಗಿಗೆ ಒತ್ತಿ ಹಿಡಿದ ಸೆರಗು. ಹೀಗೆ ಬಂದು ನಿಂತ ಹೆಂಗಸೊಬ್ಬಳು ಅಂಗಡಿಯ ಕಡೆ ನೋಡದೆ ರಸ್ತೆಯ ಕಡೆ ನೋಡುತ್ತ, "ಭಯ್ಯಾ, ಎರಡು ಡಜನ್ ಕಾಲು ಕೊಡಿ. ಮೂಳೆ ಮಾತ್ರ ಕತ್ತರಿಸಬೇಡಿ" ಎಂದರೆ ಅವನಾದರೂ ಏನೆಂದುಕೊಳ್ಳಬೇಕು? ಕೊನೆಗೊಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟ. "ಮೇಡಂ ಜೀ, ಢಾಬಾ ಖೋಲ್ ಲಿಯಾ ಕ್ಯಾ?"

"ತೆರೆದದ್ದು ಢಾಬಾ ಅಲ್ಲ, ಸ್ಕೂಲು" ಎಂದೆ. "ಡಾಕ್ಟರುಗಳ ಸ್ಕೂಲು."

ಅವನು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದ. ಡಾಕ್ಟರುಗಳಿಗೆ ಮಸಾಲೆ ಅರೆಯುವುದನ್ನು ಕಲಿಸುತ್ತೀರಾ ಎಂದು ಕೇಳಬೇಕೆನಿಸಿರಬೇಕು. ಮರ್ಯಾದಸ್ಥ, ಕೇಳಲಿಲ್ಲ. ಕಾಲುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಇನ್ನೊಂದು ಚೀಲದೊಳಗಿಟ್ಟು, ನನಗೆ ಕಾಣಿಸದ ಹಾಗೆ ಗಂಟು ಕಟ್ಟಿ ಕೊಟ್ಟ.

ನಾನು ಚಿತ್ರದುರ್ಗದ ಕಡೆಯವಳು. ಯಜಮಾನರಿಗೆ ಕೇಂದ್ರ ಸರಕಾರದ ಸಚಿವಾಲಯದಲ್ಲಿ ಕೆಲಸವಾದದ್ದರಿಂದ ದೆಹಲಿಗೆ ಬಂದೆ. ಇಲ್ಲಿನ ಒಂದು ಸರಕಾರಿ ಆಸ್ಪತ್ರೆಯ ಮಕ್ಕಳ ತುರ್ತು ವಿಭಾಗದಲ್ಲಿ ಸೇರಿದವಳು ಅಲ್ಲೇ ಕೂದಲು ನೆರೆಸಿಕೊಂಡು ನಿವೃತ್ತಳಾದೆ. ಈಗಲೂ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಫೋನ್ ಮಾಡಿ, "ಮೇಡಂ, ಟ್ರೈನಿಂಗ್ ಆದ ಮೇಲೆ ಭಯ ಹೋಗುತ್ತಲ್ಲವಾ?" ಎಂದು ಕೇಳುತ್ತಾರೆ. ಹೋಗುವುದಿಲ್ಲ ಕಣ್ರಪ್ಪಾ. ನಾನು ಟ್ರೈನಿಂಗ್ ಕೊಟ್ಟವಳು, ನನಗೇ ಹೋಗಲಿಲ್ಲ. ಯಾವುದಕ್ಕೆ ಹೆದರಬೇಕು ಎನ್ನುವುದು ತಿಳಿಯುತ್ತದೆ, ಅಷ್ಟೇ. ಅದನ್ನು ಹೇಳಲಿಕ್ಕೇ ಈ ಬರಹ.

ಎರಡು ಸಾವಿರದ ಇಸವಿಯ ಆಚೀಚೆ ಡಾಕ್ಟರುಗಳ ಮುಂದುವರಿದ ಶಿಕ್ಷಣ ಎಂದರೆ ಹೋಟೆಲಿನ ಊಟ. ಭಾನುವಾರ ಬೆಳಿಗ್ಗೆ ಯಾವುದಾದರೂ ಔಷಧಿ ಕಂಪನಿಯವರು ತಣ್ಣನೆಯ ಹಾಲ್ ಹಿಡಿಯುತ್ತಿದ್ದರು. ದೀಪ ಆರಿಸಿ ಸ್ಲೈಡ್ ಹಾಕುತ್ತಿದ್ದರು. ಕತ್ತಲಾಯಿತೆಂದರೆ ಅರ್ಧ ಹಾಲ್ ನಿದ್ದೆ. ಶಾಹಿ ಪನೀರಿನ ವಾಸನೆ ಬಂದಾಗ ಎಚ್ಚರ. ತಿಂದು ಹೊರಡುವಾಗ ಬಾಗಿಲ ಹತ್ತಿರ ಒಂದು ಕೈಯಲ್ಲಿ ಸೋಂಪು, ಇನ್ನೊಂದು ಕೈಯಲ್ಲಿ ಪ್ರಮಾಣಪತ್ರ. ನಾನೂ ಅಂಥ ಹಾಲ್‌ಗಳಲ್ಲಿ ನಿಂತು ಪಾಠ ಮಾಡಿದ್ದೇನೆ. ಮಗುವಿಗೆ ವಾಂತಿಭೇದಿಯಾಗಿ ಮೈಯ ನೀರು ಬತ್ತಿದಾಗ ಏನು ಮಾಡಬೇಕು ಎನ್ನುವುದನ್ನು ಚೆಂದದ ಬಣ್ಣದ ಸ್ಲೈಡುಗಳಲ್ಲಿ ತೋರಿಸಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ.

ಅದನ್ನೆಲ್ಲ ಬಿಡಿಸಿದ್ದು ಒಂದು ಮಗು. ಜೂನ್ ತಿಂಗಳ ಒಂದು ಮಧ್ಯಾಹ್ನ, ಟೈಲ್ಸ್ ಹಾಕುವ ಕೆಲಸದವನೊಬ್ಬ ತನ್ನ ಗಂಡುಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಿ ಬಂದ. ಯಮುನೆಯ ಆಚೆ ಕಡೆಯ ಯಾವುದೋ ನರ್ಸಿಂಗ್ ಹೋಮಿನಿಂದ ಕಳಿಸಿದ್ದರು. ನಾನು ಮಗುವನ್ನು ಮಲಗಿಸಿ ಬಟ್ಟೆ ಬಿಚ್ಚಿದೆ. ಎರಡೂ ಕೈ, ಎರಡೂ ಪಾದ, ಕತ್ತಿನ ಪಕ್ಕ, ನೆತ್ತಿಯ ಮೇಲೆ, ಎಲ್ಲಿ ನೋಡಿದರಲ್ಲಿ ಹತ್ತಿಯ ಉಂಡೆ ಇಟ್ಟು ಪ್ಲಾಸ್ಟರ್ ಅಂಟಿಸಿದ್ದರು. ಪ್ರತಿ ಉಂಡೆಯ ಕೆಳಗೂ ಸೂಜಿ ಚುಚ್ಚಿದ ಗುರುತು. ಯಾರೋ ಬಹಳ ಹೊತ್ತು, ಬಹಳ ಪ್ರಾಮಾಣಿಕವಾಗಿ ರಕ್ತನಾಳ ಹುಡುಕಿದ್ದರು. ಸಿಕ್ಕಿರಲಿಲ್ಲ. ಮೈಯಲ್ಲಿ ನೀರೇ ಇಲ್ಲದ ಮಗುವಿನ ನಾಳಗಳು ಮುಚ್ಚಿಕೊಂಡು ಬಿಡುತ್ತವೆ, ಹುಡುಕಿದಷ್ಟೂ ಒಳಗೆ ಸರಿಯುತ್ತವೆ. ಮಗು ನಮ್ಮ ಕೈಗೆ ಬಂದಾಗ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಮಾಡಿದೆವು. ಆಮೇಲೆ ಆ ಹತ್ತಿ ಉಂಡೆಗಳನ್ನು ಒಂದೊಂದಾಗಿ ಬಿಡಿಸಿ ಅಪ್ಪನ ಕೈಗೆ ಮಗುವನ್ನು ಕೊಟ್ಟವಳು ನಾನೇ. ಅಂಟಿಸಿದ್ದನ್ನು ಎಳೆಯುವಾಗ ನೋವಾದೀತು ಎಂದು ನಿಧಾನವಾಗಿ ಎಳೆಯುತ್ತಿದ್ದೆ. ಯಾರಿಗೆ ನೋವು ಎನ್ನುವುದು ಹೊಳೆದಾಗ ಕೈ ನಿಂತುಹೋಯಿತು.

ಇಂಥ ಮಗುವಿಗೆ ದಾರಿ ಇದೆ. ಮೊಣಕಾಲಿನ ಕೆಳಗೆ, ಒಳಬದಿಯ ಚಪ್ಪಟೆ ಮೂಳೆಗೆ ದಪ್ಪ ಸೂಜಿಯನ್ನು ತಿರುಗಿಸುತ್ತ ಒತ್ತಿ ಇಳಿಸಿದರೆ ಅದು ಮಜ್ಜೆಯೊಳಕ್ಕೆ ಹೋಗುತ್ತದೆ. ಅಲ್ಲಿಂದ ಸಲೈನ್ ನೀರು ನೇರ ರಕ್ತಕ್ಕೆ. ಮೂಳೆ ಮುಚ್ಚಿಕೊಳ್ಳುವುದಿಲ್ಲ, ತಪ್ಪಿಸಿಕೊಂಡು ಓಡುವುದೂ ಇಲ್ಲ. ಪುಸ್ತಕದಲ್ಲಿ ಇದನ್ನು ಎಲ್ಲರೂ ಓದಿದ್ದರು. ಕೈಯಿಂದ ಮಾಡಿದವರು ಮಾತ್ರ ಬೆರಳೆಣಿಕೆಯಷ್ಟು. ಮಗುವಿನ ಮೂಳೆಗೆ ಸೂಜಿ ಇಳಿಸುವುದು ಎಂದರೆ ಯಾರಿಗಾದರೂ ಕೈ ನಡುಗುತ್ತದೆ. ಸ್ಲೈಡ್ ನೋಡಿ ಆ ನಡುಕ ಹೋಗುವುದಿಲ್ಲ. ಮೊದಲ ಸಲ ಸೂಜಿ ಇಳಿಸುವ ಮೂಳೆ ಮಗುವಿನದಾಗಿರಬಾರದು ಎಂದು ನಾನು ಹಟ ಹಿಡಿದೆ.

ನಮ್ಮ ವಿಭಾಗದ ಮುಖ್ಯಸ್ಥರು ಡಾ. ಮಲ್ಹೋತ್ರಾ. ಎತ್ತರದ ಆಳು, ಎತ್ತರದ ದನಿ. ಎಂಥ ಹಸುಗೂಸಿನ ಮೈಯಲ್ಲೂ ಒಂದೇ ಚುಚ್ಚಿಗೆ ರಕ್ತನಾಳ ಹಿಡಿಯುತ್ತಾರೆ ಎಂದು ದೆಹಲಿಯಲ್ಲೆಲ್ಲ ಹೆಸರು. ಹೆಸರು ಸುಳ್ಳೇನಲ್ಲ, ನಾನೇ ನೋಡಿದ್ದೇನೆ. ಅವರ ಮುಂದೆ ಮೂಳೆಯ ಮಾತೆತ್ತಿದರೆ ಅವರಿಗೆ ಅವಮಾನ. "ಅದು ಕೈಯಲ್ಲಿ ಕಸುಬು ಇಲ್ಲದವರ ದಾರಿ ಮೇಡಂ. ಕಸಾಯಿ ಕೆಲಸ" ಎನ್ನುತ್ತಿದ್ದರು. ವಿಭಾಗಕ್ಕೆ ಪರದೇಶದಿಂದ ಬಂದಿದ್ದ ಅಭ್ಯಾಸದ ರಬ್ಬರ್ ಗೊಂಬೆಯೊಂದಿತ್ತು. ಅದರ ಕಾಲಿಗೆ ಸೂಜಿ ಇಳಿಸಬಹುದಿತ್ತು. ಆದರೆ ಬಂದ ದಿನದಿಂದ ಅದು ಅವರ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನ ಸಮೇತ ಮಲಗಿತ್ತು. ಬೀಗದ ಕೈ ಅವರ ಪ್ಯಾಂಟಿನ ಜೇಬಿನಲ್ಲಿ. ಕೇಳಿದರೆ, "ಖರಾಬ್ ಹೋ ಜಾಯೇಗಾ", ಹಾಳಾಗಿಬಿಡುತ್ತದೆ ಎಂದು ಉತ್ತರ.

ಹಾಗಾಗಿ ಕೋಳಿ ಕಾಲು. ಹಸುಗೂಸಿನ ಮೂಳೆಯ ಹದಕ್ಕೆ ಅದರಷ್ಟು ಹತ್ತಿರದ್ದು ಬೇರೆ ಇಲ್ಲ ಎಂದು ಇನ್ನೊಂದು ಆಸ್ಪತ್ರೆಯ ಡಾಕ್ಟರ್ ಗೆಳತಿಯೊಬ್ಬಳು ಹೇಳಿದ್ದಳು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದ ನಾನು, ಅತ್ತೆಯವರ ವೆಂಕಟರಮಣನ ಶನಿವಾರವೇ ಬೆಳಿಗ್ಗೆ ಎದ್ದು ಕೋಳಿ ಅಂಗಡಿಗೆ ಹೋಗುವಂತಾಯಿತು. ಮೊದಲ ಸಲ ಗೊತ್ತಿಲ್ಲದೆ ಹಿಂದಿನ ದಿನವೇ ತಂದು ಐಸ್ ಡಬ್ಬಿಯಲ್ಲಿ ಹಾಕಿ ಬಾಲ್ಕನಿಯಲ್ಲಿಟ್ಟಿದ್ದೆ. ಅತ್ತೆ ಒಣಗಿದ ಬಟ್ಟೆ ತೆಗೆಯಲು ಹೋದವರು ಕರೆದರು.

"ಡಬ್ಬದಲ್ಲಿ ಏನಿದೆಯೇ?"

"ಆಸ್ಪತ್ರೆದು ಅತ್ತೆ."

"ಆಸ್ಪತ್ರೆದು ಅಂದ್ರೆ? ಬೆಕ್ಕು ಯಾಕೆ ಕೂತಿದೆ ಮುಂದೆ?"

ಹೇಳಲೇಬೇಕಾಯಿತು. ಮಗುವಿನ ವಿಷಯವನ್ನೂ, ಹತ್ತಿ ಉಂಡೆಗಳ ವಿಷಯವನ್ನೂ ಹೇಳಿದೆ. ಅತ್ತೆ ಬಟ್ಟೆ ಮಡಿಸುತ್ತ ಎಲ್ಲ ಕೇಳಿಸಿಕೊಂಡರು. "ಮಕ್ಕಳು ಉಳಿಯುತ್ವೆ ಅಂದ್ರೆ ತಾ. ನಾನೇನೂ ಬೇಡ ಅನ್ನಲ್ಲ. ಆದ್ರೆ ಮನೆಗೆ ತರಬೇಡ. ಹಂಗೇ ಆಚೆಯಿಂದ ಆಚೆಗೇ ತಗೊಂಡು ಹೋಗು" ಎಂದರು. ಅಲ್ಲಿಂದ ಮುಂದೆ ಬೆಳಿಗ್ಗೆ ಅಂಗಡಿಯಿಂದ ನೇರ ಆಸ್ಪತ್ರೆಗೆ. ಆಟೋದವರು ಹಿಂದೆ ತಿರುಗಿ ತಿರುಗಿ ನನ್ನ ಕುಂಕುಮವನ್ನೂ ಚೀಲವನ್ನೂ ನೋಡುತ್ತಿದ್ದರು.

ತರಗತಿ ನಡೆಯುತ್ತಿದ್ದದ್ದು ಹಳೆಯ ಎಕ್ಸ್‌ರೇ ಕೋಣೆಯಲ್ಲಿ. ತಿಂಗಳಿಗೆ ಎರಡು ಶನಿವಾರ, ಊಟವಿಲ್ಲ, ಬರೀ ಟೀ ಬಿಸ್ಕತ್ತು. ಊಟವಿಲ್ಲ ಎಂದ ಕೂಡಲೇ ಅರ್ಧ ಜನ ಉದುರಿದರು, ಒಳ್ಳೆಯದೇ ಆಯಿತು. ಉಳಿದವರು ನೊಯ್ಡಾ, ಗಾಜಿಯಾಬಾದ್, ಓಖ್ಲಾ ಕಡೆಯ ಸಣ್ಣ ಸಣ್ಣ ನರ್ಸಿಂಗ್ ಹೋಮುಗಳವರು ಮತ್ತು ನಮ್ಮದೇ ಕಿರಿಯ ಡಾಕ್ಟರುಗಳು. ಒಂದು ದಿಂಬಿಗೆ ನನ್ನ ಮಗಳ ಹಳೆಯ ಫ್ರಾಕ್ ತೊಡಿಸಿ, ಕೆಳಗೆ ಒಂದು ಕೋಳಿ ಕಾಲನ್ನು ಬ್ಯಾಂಡೇಜಿನಲ್ಲಿ ಬಿಗಿದರೆ ನಮ್ಮ ಮಗು ತಯಾರು. ದೆಹಲಿಯಲ್ಲೇ ಬೆಳೆದ ಮಗಳು ಅದನ್ನು ನೋಡಿ, "ಅಮ್ಮಾ, ಮೇರಾ ಫ್ರಾಕ್! ಛೀ!" ಎಂದು ಎರಡು ದಿನ ಮಾತು ಬಿಟ್ಟಿದ್ದಳು.

ಅವಾಂತರಗಳಿಗೆ ಲೆಕ್ಕವಿಲ್ಲ. ಕಾಲನ್ನು ಹಿಡಿದುಕೊಳ್ಳುವ ಕೈ ಯಾವತ್ತೂ ಸೂಜಿಯ ನೇರಕ್ಕೆ, ಕಾಲಿನ ಹಿಂದೆ ಇರಬಾರದು ಎಂದು ಬಾಯಿ ಒಣಗುವಂತೆ ಹೇಳುತ್ತಿದ್ದೆ. ಓಖ್ಲಾದಿಂದ ಬಂದ ಭಾರೀ ಉತ್ಸಾಹದ ಡಾಕ್ಟರೊಬ್ಬರು ಒಂದೇ ಸಲ ಬಲ ಹಾಕಿ ಒತ್ತಿದರು. ಸೂಜಿ ಕೋಳಿಯನ್ನು ದಾಟಿ ಅವರ ಅಂಗೈಗೆ ಹೋಯಿತು. ಕಿರುಚಿಕೊಂಡರೂ ಕೋಳಿ ಕಾಲನ್ನು ಮಾತ್ರ ಬಿಡಲಿಲ್ಲ. ಅವರ ಕೈಗೆ ಪಟ್ಟಿ ಕಟ್ಟುವಾಗ ಎಲ್ಲರೂ ನಗುತ್ತಿದ್ದರು, ನನಗೆ ನಗು ಬರಲಿಲ್ಲ. ನಾಳೆ ಇದೇ ಬಲವನ್ನು ಇವರು ಮಗುವಿನ ಮೇಲೆ ಹಾಕಿದರೆ? ತರಗತಿ ಮುಗಿಸಿ ಎಲ್ಲರೂ ಹೊರಟಾಗ ನನಗೆ ಅದೇ ಚಿಂತೆ. ಇವರೆಲ್ಲ ಎಲ್ಲೆಲ್ಲಿಗೋ ಹೋಗುತ್ತಾರೆ, ಅಲ್ಲಿ ಯಾವುದೋ ಮಗು ಬರುತ್ತದೆ, ನಾನು ಹೇಳಿಕೊಟ್ಟದ್ದರಲ್ಲಿ ಎಷ್ಟು ಆಗ ಅವರ ಕೈಗೆ ಬರುತ್ತದೆ? ಯಜಮಾನರು, "ಪಾಠ ಹೇಳಿ ಬಂದಿದೀಯೋ, ಪರೀಕ್ಷೆ ಬರೆದು ಬಂದಿದೀಯೋ?" ಎಂದು ಛೇಡಿಸುತ್ತಿದ್ದರು.

ಆದರೆ ಕೈಗಿಂತ ಕಷ್ಟದ್ದು ಬಾಯಿ ಎಂದು ಬೇಗ ಗೊತ್ತಾಯಿತು. ನಮ್ಮ ನಿಯಮ ಸರಳ. ಎರಡು ಸಲ ಚುಚ್ಚಿಯೂ ರಕ್ತನಾಳ ಸಿಗದಿದ್ದರೆ, ಅಥವಾ ಒಂದೂವರೆ ನಿಮಿಷ ಕಳೆದರೆ, ಹುಡುಕುವುದನ್ನು ಬಿಟ್ಟು ಮೂಳೆಗೆ ಹೋಗಬೇಕು. ಹುಡುಕುವವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಇನ್ನೇನು ಸಿಕ್ಕಿತು, ಇನ್ನೊಂದೇ ಒಂದು ಸಲ ಎನ್ನಿಸುತ್ತಲೇ ಇರುತ್ತದೆ. ಅದಕ್ಕೇ ಪಕ್ಕದಲ್ಲಿ ಒಬ್ಬರು ಗಡಿಯಾರ ನೋಡುತ್ತ ನಿಂತು, ಹೊತ್ತಾದ ಕೂಡಲೇ ಗಟ್ಟಿಯಾಗಿ "ಟೈಂ!" ಎಂದು ಕೂಗಬೇಕು. ಕೂಗಿದ ಕೂಡಲೇ ಎಂಥ ಹಿರಿಯರೇ ಆಗಲಿ ಸೂಜಿ ಕೆಳಗಿಡಬೇಕು.

ನೀವೀಗ ಇದರಲ್ಲೇನು ದೊಡ್ಡದು ಎನ್ನಬಹುದು. ನಮ್ಮ ಆಸ್ಪತ್ರೆಗಳಲ್ಲಿ ಕಿರಿಯರು ಹಿರಿಯರಿಗೆ "ಸರ್, ಬೂಟಿನ ದಾರ ಬಿಚ್ಚಿದೆ" ಎಂದು ಹೇಳಲೂ ಹೆದರುತ್ತಿದ್ದ ಕಾಲ. ಪೂಜಾ ಎಂಬ ನಮ್ಮ ಕಿರಿಯ ಡಾಕ್ಟರನ್ನು ಗಡಿಯಾರ ಹಿಡಿಸಿ ನಿಲ್ಲಿಸಿದರೆ, ಹೊತ್ತು ಮೀರಿದ ಮೇಲೆ ಬಗ್ಗಿ, ಕಿವಿಯ ಹತ್ತಿರ, "ಸರ್ ಜೀ... ಶಾಯದ್..." ಎನ್ನುತ್ತಿದ್ದಳು. ಶಾಯದ್ ಏನು? ಮಗು ಬಹುಶಃ ಸಾಯುತ್ತಿದೆಯೇ? "ಕೂಗಮ್ಮಾ, ತರಕಾರಿಯವನು ಕೂಗುವ ಹಾಗೆ ಕೂಗು" ಎಂದು ಅವಳನ್ನು ಕಾರಿಡಾರಿನ ತುದಿಯಲ್ಲಿ ನಿಲ್ಲಿಸಿ ಕೂಗಿಸಿದ್ದೇನೆ. ಮಲ್ಹೋತ್ರಾ ಸಾಹೇಬರು ಕೋಣೆಯಿಂದ ತಲೆ ಹಾಕಿ, "ಇದು ಆಸ್ಪತ್ರೆಯೋ ಸಬ್ಜಿ ಮಂಡಿಯೋ?" ಎಂದರು.

ಡಾ. ತ್ಯಾಗಿ ನಮ್ಮಲ್ಲಿಗೆ ಬಂದದ್ದು ಮರುವರ್ಷ, ಬೇಸಿಗೆಗೆ ಸ್ವಲ್ಪ ಮೊದಲು. ಐವತ್ತೈದು ದಾಟಿದ್ದರು. ಅರ್ಧ ತೋಳಿನ ಶರಟು, ಜೇಬಿಗೆ ಎರಡು ಪೆನ್ನು, ಮೆಲುಮಾತು. ಯಮುನೆಯ ಆಚೆಯ ಇಂದಿರಾಪುರಂನಲ್ಲಿ ಅವರದೊಂದು ಸಣ್ಣ ನರ್ಸಿಂಗ್ ಹೋಂ. ಆಗ ಅಲ್ಲಿ ಮಹಡಿ ಮೇಲೆ ಮಹಡಿ ಏಳುತ್ತಿದ್ದವು, ಸಂಸಾರಗಳು ಬಂದಿಳಿಯುತ್ತಿದ್ದವು, ದೊಡ್ಡ ಆಸ್ಪತ್ರೆಗಳು ಮಾತ್ರ ಇನ್ನೂ ಬಂದಿರಲಿಲ್ಲ. ಆ ಮಹಡಿಗಳ ಮಕ್ಕಳಿಗೂ ಅವುಗಳನ್ನು ಕಟ್ಟುವವರ ಮಕ್ಕಳಿಗೂ ಇವರೊಬ್ಬರೇ ಗತಿ.

ದಿನವೆಲ್ಲ ಶ್ರದ್ಧೆಯಿಂದ ಕಲಿತರು. ಸಂಜೆಯ ಪರೀಕ್ಷೆಯಲ್ಲಿ ಫ್ರಾಕ್ ತೊಟ್ಟ ದಿಂಬಿನ ಮುಂದೆ ನಿಂತಾಗ ಅವರಿಗೆ ಏನಾಯಿತೋ. ರಕ್ತನಾಳವೆಂದು ನಾವು ಕಟ್ಟಿದ್ದ, ಬೇಕೆಂದೇ ಸಿಗದಂತೆ ಒಳಗೆ ಸರಿಸಿದ್ದ ರಬ್ಬರ್ ಕೊಳವೆಯನ್ನು ಹುಡುಕತೊಡಗಿದರು. ಒಂದು ಸಲ, ಎರಡು ಸಲ, ಮೂರು ಸಲ. ಪೂಜಾ ಈಗ ಸಾಕಷ್ಟು ಗಟ್ಟಿಯಾಗಿಯೇ "ಟೈಂ!" ಎಂದಳು. ಅವರಿಗೆ ಕೇಳಿಸಲಿಲ್ಲ. ಅವಳು ಮತ್ತೆ ಕೂಗಿದಳು. ಅವರು ಹುಡುಕುತ್ತಲೇ ಇದ್ದರು. ಹಣೆಯ ಬೆವರು ದಿಂಬಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾನೇ ಹೋಗಿ ಕೈ ಹಿಡಿದು ನಿಲ್ಲಿಸಿದೆ.

ಎಲ್ಲರೂ ಹೊರಟ ಮೇಲೆ ಅವರು ಟೀ ಲೋಟ ಹಿಡಿದುಕೊಂಡು ಅಲ್ಲೇ ಕೂತಿದ್ದರು. "ಮೇಡಂ, ನಿಮಗೊಂದು ಕೇಳಬೇಕು" ಎಂದರು. "ಹಿಂದಿನ ಬೇಸಿಗೆಯಲ್ಲಿ ನನ್ನಲ್ಲಿಂದ ಒಂದು ಮಗುವನ್ನು ಇಲ್ಲಿಗೆ ಕಳಿಸಿದ್ದೆ. ಟೈಲ್ಸ್ ಕೆಲಸದವನ ಮಗು. ಗೋಲು ಅಂತ ಕರೀತಿದ್ದರು."

ನನ್ನ ಬೆರಳಿನ ತುದಿಯಲ್ಲಿ ಪ್ಲಾಸ್ಟರಿನ ಅಂಟು ಮತ್ತೆ ಬಂದ ಹಾಗಾಯಿತು. ಅಷ್ಟು ದಿನ ಆ ಹತ್ತಿ ಉಂಡೆಗಳ ಹಿಂದಿನ ಡಾಕ್ಟರನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ. ಅವರು ಹೀಗೆ, ಬಿಸ್ಕತ್ತನ್ನು ಟೀಯಲ್ಲಿ ಅದ್ದಲು ಮರೆತು ಕೈಯಲ್ಲೇ ಹಿಡಿದುಕೊಂಡು ಕೂತಿರುತ್ತಾರೆ ಎಂದು ಅಂದುಕೊಂಡಿರಲಿಲ್ಲ.

"ಅವತ್ತು ನಾನು ನರ ಹುಡುಕುವುದು ಬಿಟ್ಟು ಮೂಳೆಗೆ ಹಾಕಿದ್ದರೆ ಅವನು ಉಳಿಯುತ್ತಿದ್ದನಾ?"

"ಹಾಗೆಲ್ಲ ಹೇಳಲಿಕ್ಕೆ ಬರಲ್ಲ ತ್ಯಾಗಿ ಸಾಹೇಬ್" ಎಂದೆ. "ಮಗು ಎಷ್ಟು ಹೊತ್ತಿಗೆ ಬಂತು, ಮೊದಲೇ ಎಷ್ಟು ನೀರು ಹೋಗಿತ್ತು, ಎಲ್ಲ ನೋಡಬೇಕಾಗುತ್ತೆ." ಅದು ಸುಳ್ಳಲ್ಲ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ಅವರಿಗೂ ಅದು ತಿಳಿಯಿತು. ತಲೆಯಾಡಿಸಿ ಎದ್ದರು.

ಸೋಮವಾರ ಮಲ್ಹೋತ್ರಾ ಸಾಹೇಬರು ಕರೆಸಿದರು. "ತ್ಯಾಗಿ ಅಂಥ ಹಿರಿಯರನ್ನು ಫೇಲ್ ಮಾಡಿದಿರಂತೆ? ಬಂದರು, ದಿನ ಪೂರ್ತಿ ಕೂತರು, ಸರ್ಟಿಫಿಕೇಟ್ ಕೊಟ್ಟು ಕಳಿಸಿ. ನಿಮ್ಮದೇನು ಹೋಗುತ್ತೆ?"

"ಕೊಡಲ್ಲ ಸರ್."

"ಅವರು ಮತ್ತೆ ಈ ಕಡೆ ತಲೆ ಹಾಕಲ್ಲ. ಆಮೇಲೆ ಅಲ್ಲಿಯ ಮಕ್ಕಳ ಗತಿ?"

ಮನುಷ್ಯ ಎಷ್ಟು ಸಿಡುಕನಾದರೂ ಕೇಳಿದ್ದು ಸರಿಯಾದ ಪ್ರಶ್ನೆ. ಹೊರಗೆ ಬಂದ ಮೇಲೂ ಅದನ್ನೇ ಯೋಚಿಸಿದೆ. ಕೊಟ್ಟರೆ, ಬಾರದ ಕೈಯನ್ನು ಬರುತ್ತದೆ ಎಂದು ನಾನೇ ಬರೆದುಕೊಟ್ಟ ಹಾಗೆ. ಕೊಡದಿದ್ದರೆ, ನಾಚಿಕೆಪಟ್ಟು ಅವರು ದೂರವಾದರೆ? ಕೊಡಲಿಲ್ಲ. ತ್ಯಾಗಿಯವರು ಎರಡು ತಿಂಗಳು ಬರಲೇ ಇಲ್ಲ. ಬಿಸಿಲು ಏರಿತು, ವಾರ್ಡಿನಲ್ಲಿ ವಾಂತಿಭೇದಿಯ ಮಕ್ಕಳು ತುಂಬಿದರು. ಯಮುನೆಯ ಆಚೆಯಿಂದ ಯಾವ ಮಗು ಬಂದರೂ ನಾನು ಮೊದಲು ನೋಡುತ್ತಿದ್ದದ್ದು ಹತ್ತಿ ಉಂಡೆಗಳನ್ನು.

ಒಂದು ದಿನ ಹೊರರೋಗಿಗಳ ಕೋಣೆಯಲ್ಲಿ ಕೂತಿದ್ದಾಗ ಮೊಬೈಲ್ ಹೊಡೆದುಕೊಂಡಿತು. ಮೆಲುಮಾತಿನ ಅದೇ ದನಿ, ಆದರೆ ಉಸಿರು ಕಟ್ಟುತ್ತಿತ್ತು.

"ಮೇಡಂ, ತ್ಯಾಗಿ. ಹೆಣ್ಣುಮಗು, ಒಂದು ವರ್ಷ ತುಂಬಿಲ್ಲ. ಲೂಸ್ ಮೋಷನ್. ಕಣ್ಣು ಮೇಲೆ ಹೋಗ್ತಿದೆ. ನರ ಸಿಗ್ತಿಲ್ಲ."

"ಎಷ್ಟು ಸಲ ಚುಚ್ಚಿದಿರಿ?"

"ಎರಡು. ಕಾಲಲ್ಲಿ ಒಂದು ಕಾಣ್ತಿದೆ ಅನ್ಸುತ್ತೆ..."

"ಕಾಣ್ತಿಲ್ಲ ಸಾಹೇಬ್. ಟೈಂ!" ಎಂದು ಕೂಗಿದೆ. ನನ್ನ ಎದುರಿಗೆ ಕೂತಿದ್ದ ತಾಯಿಯೊಬ್ಬಳು ಮಗುವನ್ನು ಎದೆಗೆ ಅವಚಿಕೊಂಡು ಎದ್ದು ನಿಂತಳು.

ಆ ಕಡೆ ಲೋಹದ ತಟ್ಟೆಗೆ ಏನೋ ಬಿದ್ದ ಸದ್ದು. ಆಮೇಲೆ, "ಸೂಜಿ ಕೆಳಗಿಟ್ಟೆ" ಎಂದರು. "ಆದರೆ ತಾಯಿ ನನ್ನ ಕೈ ಹಿಡಿದುಕೊಂಡಿದ್ದಾರೆ. ಮೂಳೆಗೆ ಅಂದಿದ್ದಕ್ಕೆ ಬಿಡ್ತಿಲ್ಲ." ಹಿಂದೆ ಹೆಂಗಸೊಬ್ಬಳ ಅಳು ಕೇಳುತ್ತಿತ್ತು. ಹಿಂದಿಯಲ್ಲಿ ಬೇಡವೆನ್ನುತ್ತಿದ್ದವಳು ನಡುನಡುವೆ ತನಗೆ ತಾನೇ, "ಅಯ್ಯೋ ಪುಟ್ಟೀ, ಕಣ್ಣು ಬಿಡೇ" ಎನ್ನುತ್ತಿದ್ದಳು. ಕನ್ನಡದ ಹುಡುಗಿ.

"ಫೋನ್ ಅವರಿಗೆ ಕೊಡಿ" ಎಂದೆ. "ಏನಮ್ಮಾ ನಿನ್ನ ಹೆಸರು?"

ಅಳು ಗಕ್ಕನೆ ನಿಂತಿತು. "ಶ್ವೇತಾ... ನೀವು ಕನ್ನಡದವರಾ? ಆಂಟೀ, ಇವರು ಕಾಲಿನ ಮೂಳೆಗೆ ಸೂಜಿ ಹಾಕ್ತಾರಂತೆ. ನಾವು ಬೇರೆ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ."

"ನಾನು ಆ ದೊಡ್ಡ ಆಸ್ಪತ್ರೆಯವಳೇ ಶ್ವೇತಾ. ಇಲ್ಲಿಗೆ ಬಂದರೆ ನಾನೂ ಅದನ್ನೇ ಮಾಡೋದು. ಆದರೆ ಇಲ್ಲಿಗೆ ಬರೋ ಅಷ್ಟು ಹೊತ್ತು ಪುಟ್ಟಿ ಹತ್ರ ಇಲ್ಲ. ಅವರ ಕೈ ಬಿಡು ತಾಯಿ. ಪುಟ್ಟಿ ತಲೆ ಹತ್ರ ನಿಂತ್ಕೊಂಡು ಮಾತಾಡಿಸ್ತಾ ಇರು."

"ನೋವಾಗಲ್ವಾ?"

"ಆಗುತ್ತೆ. ಅತ್ತರೆ ನನಗೆ ಹೇಳು, ನನಗೆ ಸಂತೋಷ ಆಗುತ್ತೆ."

ಫೋನನ್ನು ಎಲ್ಲೋ ಮೇಜಿನ ಮೇಲಿಟ್ಟರು. ನಾನು ಆ ಕಡೆಗೆ ಕೇಳಿಸುತ್ತದೋ ಇಲ್ಲವೋ ತಿಳಿಯದೆ, ಕೈ ಕಾಲಿನ ಹಿಂದೆ ಬೇಡ, ಮೊಣಕಾಲಿನ ಗಂಟಿನ ಕೆಳಗೆ, ಒಳಬದಿ, ತಿರುಗಿಸುತ್ತ, ಅಂತ ಒಬ್ಬಳೇ ಹೇಳುತ್ತಾ ಹೋದೆ. ನನ್ನ ಕೈ ಮೇಜಿನ ಅಂಚನ್ನು ತಿರುವುತ್ತಿತ್ತು. ಶ್ವೇತಾಳ ದನಿ ದೂರದಿಂದ ಬರುತ್ತಿತ್ತು, ಕಾಗೆ ಗುಬ್ಬಿ ಏನೇನೋ ಹೇಳುತ್ತಿದ್ದಳು. ಆಮೇಲೆ ತ್ಯಾಗಿಯವರ ಒಂದೇ ಮಾತು. "ಖಡೀ ಹೈ."

ಸೂಜಿ ಯಾರೂ ಹಿಡಿಯದೆ ತಾನೇ ನೆಟ್ಟಗೆ ನಿಂತಿದೆ ಎಂದರೆ ಮೂಳೆಯೊಳಗೆ ಸರಿಯಾಗಿ ಕೂತಿದೆ ಎಂದು ಅರ್ಥ. "ನೀರು ಬಿಡಿ" ಎಂದೆ. ಸಿರಿಂಜಿನಿಂದ ತಳ್ಳತೊಡಗಿದರು. ಎಷ್ಟು ಹೊತ್ತೋ ಕಾಣೆ. ಮೊದಲು ಬೆಕ್ಕಿನ ಮರಿಯದಂಥ ಒಂದು ಸದ್ದು, ಮತ್ತೆ ಇನ್ನೊಂದು. ಶ್ವೇತಾ ಫೋನಿಗೆ ಬಾಯಿಟ್ಟು ಕಿರುಚಿದಳು. "ಆಂಟೀ, ಅಳ್ತಿದಾಳೆ!"

ಆಂಬ್ಯುಲೆನ್ಸ್ ಸೇತುವೆಯ ಮೇಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಷ್ಟು ಹೊತ್ತೂ ನಾನು ಬಾಗಿಲಲ್ಲೇ ನಿಂತಿದ್ದೆ. ಸೂಜಿ ಅಲ್ಲಾಡಿ ಹೊರಬಂದರೆ, ನೀರು ಪಕ್ಕಕ್ಕೆ ಸೋರಿ ಕಾಲು ಊದಿದರೆ, ದಾರಿಯಲ್ಲೇ ಉಸಿರು ನಿಂತರೆ ಎಂದು ತಲೆ ಹೋದ ಕಡೆಯೆಲ್ಲ ಹೋಯಿತು. ಮಗು ಬಂತು. ಮೈಮೇಲೆ ಹತ್ತಿಯ ಎರಡೇ ಉಂಡೆ. ಕಾಲಲ್ಲಿ ಸೂಜಿ, ಸುತ್ತ ಅಚ್ಚುಕಟ್ಟಾಗಿ ಪಟ್ಟಿ. ಮಲ್ಹೋತ್ರಾ ಸಾಹೇಬರೂ ಬಂದು ನಿಂತಿದ್ದರು. ಮಗುವಿನ ಕೈ ತಿರುವಿ ನೋಡಿ, ಒಂದೇ ಚುಚ್ಚಿಗೆ ರಕ್ತನಾಳ ಹಿಡಿದರು. "ನೋಡಿ, ನರ ಇತ್ತಲ್ಲ" ಎಂದರು. ಬತ್ತಿದ ನಾಳಕ್ಕೆ ಮೂಳೆಯಿಂದ ನೀರು ಹೋಗಿದ್ದಕ್ಕೇ ಅದು ಎದ್ದು ನಿಂತದ್ದು ಎಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಕಾಲಿನ ಸೂಜಿಯನ್ನು ಅವರೇ ತೆಗೆದರು. ತೆಗೆದು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆ ಶನಿವಾರ ಅವರ ಜೇಬಿನ ಬೀಗದ ಕೈ ನನ್ನ ಮೇಜಿನ ಮೇಲಿತ್ತು. ಬೀರು ತೆಗೆದು ನೋಡಿದರೆ ಗೊಂಬೆಯ ಮೈಗೆ ಪ್ಲಾಸ್ಟಿಕ್ ಅಂಟಿಕೊಂಡು, ಮೊಣಕಾಲಿನ ರಬ್ಬರ್ ಬಿರಿದುಹೋಗಿತ್ತು. ಮತ್ತೆ ಅನ್ವರ್ ಭಾಯಿಯ ಅಂಗಡಿಯೇ ಗತಿಯಾಯಿತು.

ಪುಟ್ಟಿ ಕಣ್ಣು ಬಿಟ್ಟು ಅಮ್ಮನ ಕೊರಳಿನ ಸರ ಹಿಡಿದೆಳೆಯತೊಡಗಿದ ಮೇಲೆ ನಾನು ತ್ಯಾಗಿಯವರಿಗೆ ಫೋನ್ ಮಾಡಿದೆ. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಸಂತೋಷದಿಂದ ಯಾರಿಗೂ ಫೋನ್ ಮಾಡಿರಲಿಲ್ಲ. "ಉಳಿದಳು ಸಾಹೇಬ್. ಪೂರಾ ಚೆನ್ನಾಗಿದ್ದಾಳೆ. ನಿಮ್ಮ ಕೈಯಿಂದ ಉಳಿದಳು" ಎಂದೆ.

ಫೋನ್ ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡೆ.

"ಹಾಗಾದರೆ ಗೋಲು ಕೂಡ ಉಳಿಯುತ್ತಿದ್ದ, ಮೇಡಂ" ಎಂದರು.

ನಾನು ಬಾಯಿ ತೆರೆದೆ. ಹಾಗೆಲ್ಲ ಹೇಳಲಿಕ್ಕೆ ಬರಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆ ಮಾತು ಅವರಿಗೆ ಮತ್ತೊಂದು ಸಲ ಹೇಳುವುದು ನನ್ನಿಂದಾಗಲಿಲ್ಲ. ಅತ್ತುಬಿಟ್ಟೆ. ಆ ಕಡೆ ಅವರೂ ಅಳುತ್ತಿದ್ದರು ಎಂದು ಕಾಣುತ್ತದೆ. ಹಾಗೇ ಇಬ್ಬರೂ ಫೋನ್ ಹಿಡಿದುಕೊಂಡು ಕೂತಿದ್ದೆವು.

ಮಕ್ಕಳೇ, ಪಾಠ ಕಲಿತರೆ ಭಯ ಹೋಗುತ್ತದೆಯೇ ಎಂದು ಕೇಳುತ್ತೀರಲ್ಲ, ಅದಕ್ಕೇ ಇದನ್ನು ಹೇಳಿದೆ. ಕಲಿತ ಮೇಲೆ ಮುಂದೆ ಬರುವ ಮಕ್ಕಳ ಭಯದ ಜೊತೆ ಹಿಂದೆ ಹೋದ ಮಕ್ಕಳ ನೆನಪೂ ಬಂದು ಕೂರುತ್ತದೆ. ಅದು ಬೇಡವೆಂದರೆ ಕಲಿಯದೆ ಇರಬೇಕು. ಹಾಗಿರಲಿಕ್ಕೆ ಸಾಧ್ಯವೇ?

ತ್ಯಾಗಿಯವರು ಮುಂದಿನ ತರಗತಿಗೆ ಬಂದರು. ಪರೀಕ್ಷೆಯಲ್ಲಿ ಪಾಸಾದರು, ಪ್ರಮಾಣಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅದರ ಮುಂದಿನ ತರಗತಿಗೂ ಬಂದರು. ನಾನು ನಿವೃತ್ತಳಾಗುವವರೆಗೂ, ನರ್ಸಿಂಗ್ ಹೋಮನ್ನು ಮಗನಿಗೆ ಬಿಟ್ಟು, ಬರುತ್ತಲೇ ಇದ್ದರು. ಬಂದವರು ಮಾಡುತ್ತಿದ್ದದ್ದು ಒಂದೇ ಕೆಲಸ, ಗಡಿಯಾರ ಹಿಡಿದು ನಿಲ್ಲುವುದು. ಮೆಲುಮಾತಿನ ಮನುಷ್ಯ ಆ ಒಂದು ಮಾತನ್ನು ಮಾತ್ರ ಗೋಡೆ ಅದುರುವ ಹಾಗೆ ಕೂಗುತ್ತಿದ್ದರು. ಒಂದು ಶನಿವಾರ ಮಲ್ಹೋತ್ರಾ ಸಾಹೇಬರೇ ದಿಂಬಿನ ಮುಂದೆ ಬಂದು ಕೂತಾಗ ಅವರಿಗೂ ಕೂಗಿದರು. ಸಾಹೇಬರು ಸೂಜಿ ಕೆಳಗಿಟ್ಟರು.

ಒಂದು ದೋಷ ಮಾತ್ರ ಇತ್ತು. ತ್ಯಾಗಿಯವರು ಯಾವಾಗಲೂ ಸ್ವಲ್ಪ ಬೇಗ ಕೂಗಿಬಿಡುತ್ತಿದ್ದರು. ಮುಳ್ಳು ಅಲ್ಲಿಗೆ ಬರುವ ಮೊದಲೇ. ಹುಡುಗರು ನನ್ನ ಮುಖ ನೋಡುತ್ತಿದ್ದರು. ಒಮ್ಮೆ ನಾನು ಹತ್ತಿರ ಹೋಗಿ, ಅವರ ಕೈಯ ಗಡಿಯಾರ ತೋರಿಸಿ, "ತ್ಯಾಗಿ ಸಾಹೇಬ್, ಇನ್ನೂ ಟೈಂ ಇದೆ" ಎಂದೆ.

ಅವರು ಗಡಿಯಾರ ನೋಡಲಿಲ್ಲ. ದಿಂಬಿನ ಮೇಲಿದ್ದ ನನ್ನ ಮಗಳ ಫ್ರಾಕನ್ನು ಸರಿಮಾಡಿದರು.

"ಇಲ್ಲ ಮೇಡಂ" ಎಂದರು. "ಇರಲ್ಲ."